ಶನಿವಾರದವರು

ಆಯಿ, ನನ್ನ ತಾಯಿ, ದೋಹಾಕ್ಕೆ ಬಂದ ಮೊದಲ ವಾರವೇ ಅವಳಿಗೆ ಒಂದು ಮಾತು ಹೇಳಿಕೊಟ್ಟಿದ್ದೆ. ನೀವು ಯಾವ ಜನ ಅಂತ ಯಾರಾದರೂ ಕೇಳಿದರೆ ಕ್ರಿಶ್ಚಿಯನ್ನರು ಅನ್ನು, ಇಲ್ಲವಾದರೆ ಸುಮ್ಮನಿರು. ನಾನು ಇಲ್ಲಿಗೆ ಬಂದಾಗಿನಿಂದ ಹಾಗೇ ನಡೆದಿತ್ತು. ನನ್ನ ಹೆಸರು ಬೈಬಲ್ಲಿನದು. ಕೇಳಿದವರು ತಾವೇ ಅಂದಾಜು ಮಾಡಿಕೊಳ್ಳುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ.

"ಸುಳ್ಳು ಯಾಕ ಹೇಳೂದು?" ಅಂದಳು ಆಯಿ.

"ಸುಳ್ಳಲ್ಲ. ಸುಮ್ನಿರೂದು, ಅಷ್ಟ."

"ಮೊದಲು ಕ್ರಿಶ್ಚಿಯನ್ ಅನ್ನು ಅಂದಿ, ಈಗ ಸುಮ್ನಿರು ಅಂತಿ. ಯಾವುದು ಅಂತ ನೀನ ಮೊದಲ ಖಾತ್ರಿ ಮಾಡಿಕೋ."

ನಮ್ಮದು ಕೊಂಕಣ ತೀರದ ಯಹೂದಿ ಸಮುದಾಯ, ಬೆನೆ ಇಸ್ರೇಲಿಗಳು. ಎಷ್ಟೋ ತಲೆಮಾರುಗಳ ಹಿಂದೆ ಹಡಗು ಒಡೆದು ದಡಕ್ಕೆ ಬಿದ್ದವರು ಅಂತ ಹಿರಿಯರು ಹೇಳುತ್ತಿದ್ದರು. ಅಲ್ಲಿ ಎಣ್ಣೆಗಾಣ ನಡೆಸಿದರಂತೆ. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎಂದು ಕರೆದರು. ಅಜ್ಜ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದ, ಅಪ್ಪನೂ ಅದೇ ಕೆಲಸಕ್ಕೆ ಸೇರಿದ. ಮನೆಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಅಣ್ಣ ಮತ್ತು ನಾನು ಜಗಳವನ್ನೆಲ್ಲ ಕನ್ನಡದಲ್ಲೇ ಆಡುತ್ತಿದ್ದೆವು, ಆಯಿಯೂ ಬೈಯುವಾಗ ಕನ್ನಡಕ್ಕೆ ಬರುತ್ತಿದ್ದಳು.

ಅಪ್ಪನಿಗೆ ಶನಿವಾರ ರಜೆ ಇರಲಿಲ್ಲ. ಆಯಿ ಅವನ ಡಬ್ಬಿಗೆ ಶುಕ್ರವಾರ ಮಾಡಿಟ್ಟ ಅನ್ನವನ್ನೇ ತುಂಬುತ್ತಿದ್ದಳು. ಗಂಡ ದುಡಿಯಲಿ, ಒಲೆ ದುಡಿಯಬಾರದು, ಇದು ಅವಳ ಲೆಕ್ಕ. ನಮ್ಮ ಶನಿವಾರ, ಅಂದರೆ ಶಬ್ಬತ್, ಶುಕ್ರವಾರ ಸೂರ್ಯ ಮುಳುಗುವಾಗಲೇ ಶುರು. ಅದಕ್ಕೆ ಮೊದಲು ಗಾಜಿನ ಲೋಟಕ್ಕೆ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು ಬತ್ತಿ ಹಚ್ಚುವಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ಹೀಬ್ರೂವಿನ ಒಂದು ಸಾಲು ಹೇಳುವಳು. ಅದರ ಅರ್ಥ ಅವಳಿಗೆ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಮೀನು ತರುವಾಗ ಮೈಮೇಲೆ ಹುರುಪೆ ಇದೆಯೋ ಇಲ್ಲವೋ ನೋಡುವಳು, ಹುರುಪೆ ಇಲ್ಲದ್ದು ನಮಗೆ ಆಗದು. ದನದ ಮಾಂಸವನ್ನೂ ತಿನ್ನುತ್ತಿರಲಿಲ್ಲ. ಅದು ಯಹೂದಿ ನಿಯಮವಲ್ಲ, ಓಣಿಯ ನಿಯಮ. ಆಯಿ ಎರಡರ ನಡುವೆ ಗೆರೆ ಎಳೆದವಳಲ್ಲ.

ಗೆರೆ ಎಳೆದವನು ಅಣ್ಣ. ಓದು ಮುಗಿಸಿ ಇಸ್ರೇಲಿಗೆ ಹೋದ. ಮೊದಲು ಒಂದು ಕಾರ್ಖಾನೆ, ಆಮೇಲೆ ಬಸ್ಸು ಓಡಿಸುವ ಕೆಲಸ. ಅಲ್ಲಿ ಪರಿಚಯವಾದವರು ಎರಡನೇ ಮಾತಿಗೇ ಕೇಳುತ್ತಿದ್ದರಂತೆ: ನೀನು ಧಾರ್ಮಿಕನೋ, ಸಂಪ್ರದಾಯಸ್ಥನೋ, ಏನೂ ಪಾಲಿಸದವನೋ? ಅವನು ಫೋನಿನಲ್ಲಿ ಆಯಿಗೆ ಕೇಳಿದ, ನಾವು ಇದರಲ್ಲಿ ಯಾವುದು ಅಂತ.

"ನಾವು ಶನಿವಾರದವರು ಅಂತ ಹೇಳು."

"ಅಂಥಾದ್ದೊಂದು ಇಲ್ಲಿ ಇಲ್ಲ, ಆಯಿ."

ಅವನು ಮೊದಲನೆಯದನ್ನು ಆರಿಸಿಕೊಂಡ. ಮದುವೆಯಾದ ಮೇಲೆ ಗಡ್ಡ ಬಿಟ್ಟ, ತಲೆಗೆ ಟೋಪಿ ಬಂತು, ಮಾಂಸ, ಹಾಲು ಕೂಡಬಾರದೆಂದು ಅಡಿಗೆಮನೆಯಲ್ಲಿ ಮಾಂಸದ ಪಾತ್ರೆಗೆ ಒಂದು ಸಿಂಕು, ಹಾಲಿನ ಪಾತ್ರೆಗೆ ಇನ್ನೊಂದು. ನಾನು ಉಡುಪಿ ಕಡೆಯ ತುಳು ಹುಡುಗನನ್ನು ಮದುವೆಯಾದಾಗ ಬರಲಿಲ್ಲ. "ನೀ ಹೊರಗ ಹೋದಿ" ಅಂತ ಒಂದೇ ಸಾಲು ಹೇಳಿ ಫೋನಿಟ್ಟಿದ್ದ. ಅಪ್ಪ ಹೋದ ಮೇಲೆ ಆಯಿಯನ್ನು ತನ್ನಲ್ಲಿಗೆ ಕರೆಸಿಕೊಂಡ. ಅವಳು ಒಂದು ದಿನ ಮೊಸರಿನ ಚಮಚವನ್ನು ಮಾಂಸದ ಸಾರಿಗೆ ಹಾಕಿದಳೆಂದು ಆ ಪಾತ್ರೆಯನ್ನೇ ಮನೆಯಿಂದಾಚೆ ಇಟ್ಟರು. ಜಗಳವೇನೂ ಆಗಲಿಲ್ಲ. ಅಲ್ಲಿ ಚಳಿ ಬಹಳ ಅಂತ ಹೇಳಿಕೊಂಡು ಆಯಿ ವಾಪಸು ಬಂದಳು. ಆಮೇಲೆ ನಾನು ಅವಳನ್ನು ಇಲ್ಲಿಗೆ ಕರೆಸಿಕೊಂಡೆ.

ಅಲ್ ಗರಾಫಾದ ನಮ್ಮ ಫ್ಲ್ಯಾಟು ಅವಳಿಗೆ ಬೇಗ ಒಗ್ಗಿತು. ಒಂದು ತಿಂಗಳು ಕಳೆಯುವುದರೊಳಗೆ ಅಂದಳು, "ಈ ಊರು ನಮಗ ಹೇಳಿ ಮಾಡಿಸಿದಂಗ ಐತಿ." ಹಂದಿ ಮಾಂಸ ಕಣ್ಣಿಗೆ ಬೀಳುವುದಿಲ್ಲ. ಕುರಿ ಕೊಯ್ಯುವವರು ದೇವರ ಹೆಸರು ಹೇಳಿಯೇ ಕೊಯ್ಯುತ್ತಾರೆ. ಶುಕ್ರವಾರ, ಶನಿವಾರ ಆಫೀಸುಗಳಿಗೆ ರಜೆ. ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಸಿಗದ ಶನಿವಾರ ಇಲ್ಲಿ ಅವಳ ಅಳಿಯನಿಗೆ ಸುಮ್ಮನೆ ಸಿಕ್ಕಿತ್ತು. ಅವರು ಲುಸೈಲ್‌ನ ಒಂದು ಆಫೀಸಿನಲ್ಲಿದ್ದರು. ನಾನು ಫಿಸಿಯೋಥೆರಪಿಸ್ಟ್. ನಮ್ಮ ಕ್ಲಿನಿಕ್ ಶನಿವಾರವೂ ತೆರೆದಿರುತ್ತಿತ್ತು, ನಾನು ಹೋಗುತ್ತಿದ್ದೆ. ನನ್ನ ಡಬ್ಬಿಗೂ ಶುಕ್ರವಾರದ ಅನ್ನ ಬರತೊಡಗಿತು.

ಶುಕ್ರವಾರ ಬತ್ತಿ ಹಚ್ಚಿದ ಮೇಲೆ ಅವಳು ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಮರಾಠಿ ಸೀರಿಯಲ್ಲು ಮಾತ್ರ ತಪ್ಪಬಾರದು. ಹಾಗಾಗಿ ಸೀರಿಯಲ್ಲಿನ ಹೊತ್ತಿಗೆ ಸೋಫಾದಲ್ಲಿ ಕೂತು ಅಳಿಯನನ್ನು ಕರೆಯುವಳು. ಅವರು ಒಳಗಿನಿಂದ ಬಂದು ಟೀವಿ ಹಾಕಿ ಹೋಗುವರು. ಪಕ್ಕದಲ್ಲೇ ಕೂತ ನನ್ನ ಮಗಳಿಗೆ ಇದು ತಮಾಷೆ. ಆಗ ಅವಳಿಗೆ ಹದಿನೈದೋ ಹದಿನಾರೋ.

"ಆಜಿ, ರಿಮೋಟ್ ನನ್ನ ಕೈಯಲ್ಲೇ ಇದೆ. ಅಪ್ಪನ್ನ ಯಾಕೆ ಕರೀತೀರಿ?"

"ಅವರು ಹಚ್ಚಬಹುದು. ನೀ ಹಚ್ಚಬಾರದು."

"ಐ ಆಮ್ ಹಾಫ್, ಆಜಿ. ಹಾಫ್ ಬಟನ್ ಒತ್ತಬಹುದಲ್ಲ?"

"ಅರ್ಧ ಅಂತ ಇರೂದಿಲ್ಲ. ನಿಮ್ಮವ್ವ ಯಾರು? ನೀನೂ ಅದ."

ಮಗಳು ನಗುತ್ತಿದ್ದಳು. ಅವಳು ದೀಪಾವಳಿಗೆ ಅಪ್ಪನ ಜೊತೆ ಹಣತೆ ಹಚ್ಚಿದವಳು, ಊರಿಗೆ ಹೋದಾಗ ಭೂತಕೋಲ ನೋಡಿದವಳು. ಸ್ಕೂಲಿನಲ್ಲಿ ಯಾರಾದರೂ ಕೇಳಿದರೆ "ನಥಿಂಗ್" ಅನ್ನುತ್ತಿದ್ದಳು. ನನಗೆ ಅದರಿಂದ ಬೇಜಾರೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಆ ವಿಷಯದಲ್ಲಿ ನನಗೆ ಏನೂ ಅನ್ನಿಸುವುದು ನಿಂತು ಬಹಳ ಕಾಲವಾಗಿತ್ತು.

ಎದುರು ಫ್ಲ್ಯಾಟಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಂ ಕುಟುಂಬ. ಅವರ ಯಜಮಾನರಿಗೆ ಸೂಕ್ ವಾಕಿಫ್ ಮಾರುಕಟ್ಟೆಯ ಹತ್ತಿರ ಬಟ್ಟೆ ಅಂಗಡಿ, ಅವರು ಇಲ್ಲಿಗೆ ಬಂದು ಅರ್ಧ ಆಯುಷ್ಯವೇ ಕಳೆದಿತ್ತು. ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಯಿಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಇಬ್ಬರಿಗೂ ಗೆಳೆತನವಾದದ್ದು ನಮ್ಮ ಬಾಗಿಲು ಮುಚ್ಚುವ ಹಬ್ಬದ ದಿನ. ವರ್ಷಕ್ಕೊಮ್ಮೆ ಬರುವ ದೊಡ್ಡ ಉಪವಾಸ ಅದು. ನಮ್ಮವರು ಅಂದು ಬಿಳಿ ಉಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರ ಜೊತೆ ಮಾತಾಡದೆ ಕೂರುತ್ತಾರೆ. ನಾನು ಕೆಲಸಕ್ಕೆ ಹೋಗಿದ್ದೆ. ಅಕ್ಕ ತಿಂಡಿ ತಂದು ಬೆಲ್ ಒತ್ತಿದರೆ ಒಳಗೆ ಜನ ಇರುವುದು ಗೊತ್ತಾಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಗಾಬರಿಯಾಗಿ ನನಗೆ ಫೋನ್ ಮಾಡಿದರು. ಅಮ್ಮ ನಿದ್ದೆ ಮಾಡುತ್ತಿರಬೇಕು ಅಂದೆ.

ಮರುದಿನ ಬೆಳಿಗ್ಗೆ ಅವರು ನೇರ ಆಯಿಯನ್ನೇ ಕೇಳಿದರು.

"ನಿನ್ನೆ ಎಂಥ ಆಯ್ತು ಅಮ್ಮ ನಿಮಗೆ? ನಾನು ಎಷ್ಟು ಹೆದರಿದೆ ಗೊತ್ತುಂಟಾ?"

"ಉಪವಾಸ ಇತ್ತು."

"ನೀರು ಕುಡೀಬಹುದಾ ಅದ್ರಲ್ಲಿ?"

"ನೀರೂ ಇಲ್ಲ."

"ಹಾಗಾದ್ರೆ ನಮ್ಮ ಹಾಗೆಯೇ! ಕ್ರಿಶ್ಚಿಯನ್ನರಲ್ಲಿ ಅಂಥ ಉಪವಾಸ ನಾನು ಕೇಳ್ಲೇ ಇಲ್ಲ ಮಾರಾಯ್ತಿ."

ಆಯಿ ನನ್ನ ಮುಖ ನೋಡಿದಳು. ನಾನು ಚಹಾ ಸೋಸುತ್ತಿದ್ದೆ.

"ನಾವು ಕ್ರಿಶ್ಚಿಯನ್ನರಲ್ಲವ್ವಾ," ಅಂದಳು. "ಯಹೂದಿಗಳು."

ಅಕ್ಕ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು. ಏನೋ ನೆನಪಾದವರಂತೆ ಎದ್ದು, ಗ್ಯಾಸಿನ ಮೇಲೆ ಹಾಲಿಟ್ಟಿದ್ದೇನೆ ಅಂತ ಹೇಳಿ ಹೋದರು. ಆ ದಿನಗಳಲ್ಲಿ ಎಲ್ಲರ ಮನೆಯ ಟೀವಿಯಲ್ಲೂ ಗಾಜಾ. ಅವರ ಮನೆಯಿಂದ ಸುದ್ದಿಯ ಸದ್ದು ನಮ್ಮ ಹಜಾರದವರೆಗೆ ಕೇಳುತ್ತಿತ್ತು. ಕೆಲವು ದಿನ ಅವರು ಬರಲಿಲ್ಲ. ನಾನು ಮನೆ ಬದಲಿಸುವ ಬಗ್ಗೆ ಗಂಡನ ಜೊತೆ ಮಾತಾಡಿದೆ. ಭಯ ಅನ್ನುವಂಥದ್ದೇನೂ ಇರಲಿಲ್ಲ, ಮಾಡಬೇಕಾದ ಕೆಲಸಗಳಲ್ಲಿ ಅದೂ ಒಂದು ಅನ್ನುವ ಹಾಗೆ ಮಾತಾಡಿದೆ.

ಆಮೇಲೆ ಒಂದು ಸಂಜೆ ಅಕ್ಕ ತೆಂಗಿನಕಾಯಿ ಹಿಡಿದುಕೊಂಡು ಬಂದರು. ಆಯಿಯ ಎದುರು ಕೂತರು.

"ಅಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ?"

"ಮಗ ಇದ್ದಾನ. ಮೊಮ್ಮಕ್ಕಳು ಅದಾರ."

"ಸಣ್ಣ ಸಣ್ಣ ಮಕ್ಕಳು ಸಾಯ್ತಾ ಇದ್ದಾರೆ ಅಮ್ಮ. ನೋಡ್ಲಿಕ್ಕೆ ಆಗುವುದಿಲ್ಲ."

"ನಾನೂ ನೋಡತೇನಿ. ನಿದ್ದಿ ಬರೂದಿಲ್ಲ ನನಗ."

ಅಕ್ಕನ ಕೈಗೆ ಸಂದು ನೋವು. ಆಯಿ ತೆಂಗಿನಕಾಯಿ ತೆಗೆದುಕೊಂಡು ತುರಿಯತೊಡಗಿದಳು. ಆ ವಿಷಯ ಅವರಿಬ್ಬರ ನಡುವೆ ಮತ್ತೆಂದೂ ಬಂದದ್ದು ನನಗೆ ಗೊತ್ತಿಲ್ಲ. ಅಕ್ಕ ದಿನಾ ಬರತೊಡಗಿದರು. ಒಂದು ಸಲ ಆಯಿಗೆ ಕೇಳಿದರು, ನಿಮ್ಮಲ್ಲಿ ದಿನಕ್ಕೆ ಎಷ್ಟು ಸಲ ಪ್ರಾರ್ಥನೆ ಅಂತ. ಗಂಡಸರಿಗೆ ಮೂರು ಸಲ ಅಂತ ಮಗ ಹೇಳತಾನ, ನಮ್ಮ ಮನ್ಯಾಗ ನಾ ನೋಡಿಲ್ಲ, ಅಂದಳು ಆಯಿ. ನಿಮಗೆ? ನನಗ ಶುಕ್ರವಾರಕ್ಕೊಮ್ಮೆ. ಅಷ್ಟೇ ಸಾಕಾ ನಿಮಗೆ? ಅಂತ ಅಕ್ಕ ಬೆರಗಿನಿಂದ ಕೇಳಿದ್ದಕ್ಕೆ ಆಯಿ, "ಅಷ್ಟು ಮಾತ್ರ ಒಮ್ಮೆಯೂ ತಪ್ಪಿಸಿಲ್ಲ" ಅಂದಳು.

ಒಂದು ಗುರುವಾರ ಮಧ್ಯಾಹ್ನ ಆಯಿ ಅಡಿಗೆಮನೆಯಲ್ಲಿ ಕುಸಿದಳು. ಮಗಳು ಸ್ಕೂಲಿನಿಂದ ಬಂದು ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ನಾನು ಕ್ಲಿನಿಕ್ಕಿನಿಂದ ಆಸ್ಪತ್ರೆ ತಲುಪುವಾಗ ಉಸಿರಿತ್ತು. ಸಂಜೆಯಾಗುವುದರೊಳಗೆ ಹೋದಳು. ಡಾಕ್ಟರು ಹೇಳಿದ್ದನ್ನು ಕೇಳಿ ಥ್ಯಾಂಕ್ಯೂ ಅಂದೆ. ಆಯಿಯ ಬಲಗೈ ಮುಷ್ಟಿ ಬಿಗಿದಿತ್ತು. ರೋಗಿಗಳಿಗೆ ಮಾಡುವಂತೆ ಮಣಿಕಟ್ಟು ಹಿಡಿದು ಒಂದೊಂದೇ ಬೆರಳು ಬಿಡಿಸಿ ನೇರ ಮಾಡಿದೆ. ಕೆಲಸ ಸರಿಯಾಗಿ ಆಯಿತು ಅನ್ನುವುದೊಂದೇ ಆಗ ತಲೆಯಲ್ಲಿದ್ದದ್ದು. ಅಳು ಬರಲಿಲ್ಲ. ಬರಬೇಕಿತ್ತು ಅಂತಲೂ ಅನ್ನಿಸಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವನು ಅತ್ತ. ನಾನು ಕಾದೆ. ಅಳು ನಿಂತ ಮೇಲೆ ಒಂದೊಂದಾಗಿ ಕೇಳಿದ. ಮಣ್ಣು ಎಲ್ಲಿ ಮಾಡುವುದು? ಇಲ್ಲಿ ನಮ್ಮವರ ಸ್ಮಶಾನ ಇಲ್ಲ. ಕೊಂಕಣದಲ್ಲಿ, ಅಪ್ಪನನ್ನು ಮಣ್ಣು ಮಾಡಿದ ಊರಿಗೇ ಒಯ್ಯುವುದು ಅಂತಾಯಿತು. ಕಾಗದಪತ್ರದ ಕೆಲಸ ನನ್ನ ಗಂಡ ವಹಿಸಿಕೊಂಡರು. ಶುಕ್ರವಾರ, ಶನಿವಾರ ರಜೆ, ಭಾನುವಾರಕ್ಕಿಂತ ಮೊದಲು ವಿಮಾನ ಸಿಗುವಂತಿರಲಿಲ್ಲ. ಶನಿವಾರ ಆಯಿಯನ್ನು ವಿಮಾನಕ್ಕೆ ಹತ್ತಿಸಕೂಡದು ಅಂತ ವಾದಿಸಲು ತಯಾರಾಗಿದ್ದ ಅಣ್ಣನಿಗೆ ವಾದಿಸುವ ಅಗತ್ಯವೇ ಬೀಳಲಿಲ್ಲ. ವಿಮಾನದಲ್ಲಿ ಕಳಿಸುವ ಮೊದಲು ದೇಹ ಕೆಡದಂತೆ ಔಷಧಿ ಹಾಕುತ್ತಾರೆ ಅಂತ ಹೇಳಿದೆ. ಅದು ನಮ್ಮಲ್ಲಿ ನಿಷಿದ್ಧ ಅಂತ ಅವನು ಹೇಳುತ್ತಾನೆಂದು ಗೊತ್ತಿತ್ತು. ಅವನು ಹಾಗೆ ಹೇಳಲಿಲ್ಲ.

"ಹಂಗಾರ ಅದಕ್ಕಿಂತ ಮೊದಲ ತೊಳೀಬೇಕು," ಅಂದ. "ಹೆಣ್ಣಮಕ್ಕಳ ತೊಳೀಬೇಕು. ಯಹೂದಿ ಹೆಣ್ಣಮಕ್ಕಳು."

"ನಾನೊಬ್ಬಾಕಿನ ಇದ್ದೇನಿ ಇಲ್ಲೆ."

"ಒಬ್ಬಾಕಿ ಅಲ್ಲ. ನಿನ್ನ ಮಗಳು ಅದಾಳಲ್ಲ."

"ಆಕಿ ಅಪ್ಪ ಹಿಂದೂ ಅಂತ ಗೊತ್ತೈತಿ ನಿನಗ."

"ತಾಯಿ ಯಹೂದಿ ಆದ್ರ ಮಗಳೂ ಯಹೂದಿ. ಕಾನೂನು ಅಂದ್ರ ಅಷ್ಟ. ಆಕಿ ಏನ ಅಂದ್ಕೊಂಡಿರಲಿ, ಏನ ತಿಂದಿರಲಿ."

ಹುಟ್ಟಿದಾಗಿನಿಂದ ನನ್ನ ಮಗಳ ಹೆಸರನ್ನು ಅವನು ಎರಡೋ ಮೂರೋ ಸಲ ಹೇಳಿರಬಹುದು. ನಾನು ಹೊರಗೆ ಹೋದವಳು. ಆದರೆ ಅವನ ಪುಸ್ತಕದ ಪ್ರಕಾರ ನಾನೂ ಹೋಗಿರಲಿಲ್ಲ, ಅವಳೂ ಹೋಗಿರಲಿಲ್ಲ. ಇದನ್ನು ಕೇಳಿ ಸಿಟ್ಟು ಬರಬಹುದಿತ್ತು. ಹೇಗೆ ತೊಳೆಯಬೇಕು ಅಂತ ಕೇಳಿದೆ. ಅವನು ಹೇಳಿದ. ತಲೆಯಿಂದ ಶುರು. ಮೊದಲು ಬಲಗಡೆ, ಆಮೇಲೆ ಎಡಗಡೆ. ಬೋರಲು ಮಲಗಿಸಬಾರದು. ತೊಳೆಯುವ ಭಾಗ ಬಿಟ್ಟು ಉಳಿದದ್ದಕ್ಕೆಲ್ಲ ಬಟ್ಟೆ ಮುಚ್ಚಿರಬೇಕು. ಬೇಡದ ಮಾತು ಆಡಬಾರದು. ಕೊನೆಗೆ ತಲೆಯಿಂದ ಕಾಲಿನವರೆಗೆ ನೀರು ಕಡಿಯದಂತೆ ಸುರಿಯಬೇಕು. ಎಲ್ಲ ಆದ ಮೇಲೆ, ತಪ್ಪಾಗಿದ್ದರೆ ಕ್ಷಮಿಸು ಅಂತ ಅವಳ ಹತ್ತಿರವೇ ಕೇಳಬೇಕು.

ಮನೆಗೆ ಬಂದು ಮಗಳಿಗೆ ಹೇಳಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ.

"ನಾನು ಜ್ಯೂಯಿಷ್ ಅಂತ ಮಾಮಾ ಹೇಳಿದ್ರಾ?"

"ಹೂಂ."

"ಆಜಿನೂ ಅದೇ ಹೇಳ್ತಿದ್ರು." ಕೂದಲು ಕಟ್ಟಿಕೊಂಡಳು. "ಯಲ್ಲಾ, ಮಮ್ಮಾ. ಹೋಗೋಣ."

ಬಾಗಿಲು ತೆರೆದರೆ ಅಕ್ಕ ನಿಂತಿದ್ದರು. ಸುದ್ದಿ ಕೇಳಿ, ಅವರಲ್ಲಿ ಸಾವಿಗೆ ಹೇಳುವ ಮಾತನ್ನು ಇನ್ನಾಲಿಲ್ಲಾಹಿ ಅಂತ ಶುರುಮಾಡಿ ಪೂರ್ತಿ ಹೇಳಿದರು. ನಾವು ಎಲ್ಲಿಗೆ ಹೊರಟಿದ್ದೇವೆಂದು ಹೇಳಿದೆ. ತಮ್ಮ ಜನರಲ್ಲಿ ಹೆಂಗಸರು ತೀರಿಕೊಂಡಾಗ ಅವರೂ ಹೋಗಿ ಕೈಜೋಡಿಸಿದವರು.

"ನಾನೂ ಬರ್ತೇನೆ. ನಿಮ್ಮಿಬ್ಬರಿಂದ ಆಗುವ ಕೆಲಸ ಅಲ್ಲ ಅದು."

"ಅಕ್ಕ, ನಮ್ಮವರೇ ಮಾಡಬೇಕಂತೆ. ಅಣ್ಣ ಹೇಳಿದ್ದು."

"ಸರಿ ಅಲ್ವಾ. ನಮ್ಮಲ್ಲೂ ಹಾಗೆಯೇ. ನಾನು ಮುಟ್ಟುವುದಿಲ್ಲ ಮಗಾ, ನೀರು ಹಿಡಿದು ಕೊಡ್ತೇನೆ. ಬಕೆಟ್ ಎತ್ತಲಿಕ್ಕೆ ಯಾವ ಮತ ಬೇಕು?"

ಶವಾಗಾರದ ಮೇಲ್ವಿಚಾರಣೆಗೆ ಒಬ್ಬ ಮಲಯಾಳಿ ನರ್ಸ್ ಇದ್ದಳು. ತೊಳೆಯುವ ಕೋಣೆ ಖಾಲಿ ಇದೆ, ಬೇಗ ಮುಗಿಸಿ ಅಂದಳು. ಬಿಳಿ ಟೈಲ್ಸು, ಸ್ಟೀಲಿನ ಮೇಜು, ಉದ್ದನೆಯ ಪೈಪು. ಆಯಿ ಮನೆಯಲ್ಲಿರುವುದಕ್ಕಿಂತ ಚಿಕ್ಕವಳಾಗಿ ಕಂಡಳು. ನಾನು ಕೆಲಸ ಶುರುಮಾಡಿದೆ. ದೇಹಗಳನ್ನು ತಿರುಗಿಸುವುದು, ಎತ್ತುವುದು ನನ್ನ ವೃತ್ತಿ. ಭುಜದ ಕೆಳಗೆ ಕೈ ಹೇಗೆ ಕೊಡಬೇಕು, ಸೊಂಟ ಹೇಗೆ ಹಿಡಿಯಬೇಕು ಅಂತ ಕೈಗಳಿಗೆ ಗೊತ್ತಿತ್ತು. ಮಗಳು ನೀರು ಹಾಕಿದಳು. ಅಕ್ಕ ಗೋಡೆಯ ಪಕ್ಕ ನಿಂತು ಒಂದು ಬಕೆಟ್ ಖಾಲಿಯಾಗುವುದರೊಳಗೆ ಇನ್ನೊಂದನ್ನು ಮಗಳ ಕೈಗೆ ದಾಟಿಸುತ್ತಿದ್ದರು. ಒಂದು ಸಲ ನಾನು ಎಡಗಡೆಗೆ ಕೈ ಹಾಕಿದೆ. "ಬಲ, ಬಲ" ಅಂತ ಅವರು ಮೆಲ್ಲಗೆ ಹೇಳಿದರು.

ಆಯಿಯ ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು. ನಾನು ಹುಟ್ಟಿದಾಗಿನದು. ಮಗಳು ಅದನ್ನು ನೋಡಿ ನನ್ನನ್ನು ನೋಡಿದಳು. ಬೇಡದ ಮಾತು ಆಡಬಾರದು ಅಂತ ನಾನೇ ಹೇಳಿದ್ದೆ, ಅವಳು ಆಡಲಿಲ್ಲ. ಕೊನೆಯ ನೀರನ್ನು ಅವಳೇ ಸುರಿದಳು, ಎಲ್ಲೂ ಕಡಿಯಲಿಲ್ಲ. ನಾನು ಬಗ್ಗಿ ಆಯಿಯ ಕಿವಿಯ ಹತ್ತಿರ ಮರಾಠಿಯಲ್ಲಿ ಕ್ಷಮೆ ಕೇಳಿದೆ. ಏನಕ್ಕೆ ಅಂತ ಆಗ ಯೋಚಿಸಲಿಲ್ಲ. ಹೇಳಬೇಕು ಅಂದಿದ್ದನ್ನು ಹೇಳಿದೆ. ಬಿಳಿ ಬಟ್ಟೆ ಸುತ್ತಿ ಮುಗಿಯುವಷ್ಟರಲ್ಲಿ ನರ್ಸ್ ಬಾಗಿಲು ಸ್ವಲ್ಪ ತೆರೆದು "ಖಲಾಸ್?" ಅಂದಳು.

"ಖಲಾಸ್," ಅಂದೆ.

ಹೊರಗೆ ಬೆಂಚಿನ ಮೇಲೆ ಮಗಳು ಅಕ್ಕನ ಭುಜಕ್ಕೆ ತಲೆಯಿಟ್ಟು ಅತ್ತಳು. ಅಕ್ಕನೂ ಅತ್ತರು. ನಾನು ಅಂಗಿಯ ಒದ್ದೆಯಾದ ತೋಳುಗಳನ್ನು ಇಳಿಸಿಕೊಂಡು ಅವರ ಮುಂದೆ ನಿಂತಿದ್ದೆ. ಕಾರಿನ ಕೀ ಯಾವ ಚೀಲದಲ್ಲಿದೆ ಅಂತ ಹುಡುಕುತ್ತಿದ್ದೆ.

ಶುಕ್ರವಾರ ಸಂಜೆ ಲೋಟ, ಎಣ್ಣೆ ಎರಡೂ ತಮ್ಮ ಜಾಗದಲ್ಲಿದ್ದವು. ನಾನು ನೋಡಿದೆ, ಎದ್ದು ಹೋಗಲಿಲ್ಲ. ಕತ್ತಲಾಯಿತು. ಆಮೇಲೆ ಗಂಡ ಬಂದು ಆ ಲೋಟಕ್ಕೆ ಎಣ್ಣೆ ಬಿಟ್ಟು ಬತ್ತಿ ಹಚ್ಚಿ ಕೈಮುಗಿದರು. ಸತ್ತವರಿಗೆ ಅವರ ಮನೆಯಲ್ಲಿ ಹಾಗೆ ದೀಪ ಇಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಶಬ್ಬತ್ತಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಅದೇ ನಿಯಮದ ಬುಡ. ನನಗದು ಗೊತ್ತಿತ್ತು. ನಾನು ಹೇಳಲಿಲ್ಲ. ದೀಪ ಚೆನ್ನಾಗಿ ಉರಿಯಿತು.

ಮುಂಬಯಿ ವಿಮಾನ ನಿಲ್ದಾಣದಲ್ಲಿ ಅಣ್ಣನನ್ನು ನಾನು ಗಡ್ಡದಿಂದಲ್ಲ, ನಡೆಯುವ ರೀತಿಯಿಂದ ಗುರುತಿಸಿದೆ. ಅಪ್ಪನ ಹಾಗೆ ಒಂದು ಭುಜ ಕೆಳಗೆ. ಅವನು ನನ್ನ ಗಂಡನ ಕೈ ಕುಲುಕಿದ. ಮಗಳ ತಲೆಯ ಮೇಲೆ ಕೈಯಿಟ್ಟು ಹೀಬ್ರೂವಿನಲ್ಲಿ ಏನೋ ಹೇಳಿದ. ಅವಳು ಥ್ಯಾಂಕ್ಯೂ ಮಾಮಾ ಅಂದಳು.

ಕೊಂಕಣದ ಆ ಊರಿನಲ್ಲಿ ನಮ್ಮ ಸಮುದಾಯದ ಮನೆಗಳು ಈಗ ಕೆಲವೇ. ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಕದ್ದೀಶ್‌ಗೆ ಹತ್ತು ಗಂಡಸರಾದರೂ ಇರಬೇಕು. ಆಯಿಯ ದೊಡ್ಡಪ್ಪನ ಮಗನೊಬ್ಬ ಅಲ್ಲೇ ಇದ್ದ. ಅವನು ಆಚೀಚಿನ ಊರುಗಳಿಂದ ಜನ ಸೇರಿಸಿದ್ದ. ಒಂಬತ್ತು ಮಂದಿಯಾದರು, ಹತ್ತನೆಯವನಿಗಾಗಿ ಕಾಯಬೇಕಾಯಿತು. ನನ್ನ ಗಂಡ ಒಂದು ಪಕ್ಕಕ್ಕೆ ನಿಂತಿದ್ದರು. ಯಾರೂ ಅವರನ್ನು ಎಣಿಸಲಿಲ್ಲ, ಅವರೂ ತಪ್ಪು ತಿಳಿಯಲಿಲ್ಲ. ಕೊನೆಗೆ ರಿಕ್ಷಾದಲ್ಲಿ ಬಂದಿಳಿದವನು ಮೀನಿನ ದೋಣಿಯ ಇಂಜಿನ್ ರಿಪೇರಿ ಮಾಡುವವನು, ಬೆರಳಿನಲ್ಲಿ ಗ್ರೀಸು ಹಾಗೇ ಇತ್ತು. ಪ್ರಾರ್ಥನಾ ಮಂದಿರಕ್ಕೆ ಬಂದು ವರ್ಷಗಳೇ ಆಗಿವೆಯಂತೆ. ಅಣ್ಣ ಅವನಿಗೆ ತನ್ನ ಜೇಬಿನಿಂದ ಒಂದು ಟೋಪಿ ಕೊಟ್ಟ. ಅಲ್ಲಿಗೆ ಹತ್ತಾಯಿತು.

ಹೆಂಗಸರು ಗೇಟಿನ ಬಳಿ ನಿಂತೆವು. ಒಬ್ಬ ಮುದುಕಿ ಮಗಳ ಗದ್ದ ಹಿಡಿದು ಮರಾಠಿಯಲ್ಲಿ ಕೇಳಿದಳು, ನೀನು ಯಾರ ಪೈಕಿ ಅಂತ. ಮಗಳಿಗೆ ಅಷ್ಟು ಮರಾಠಿ ಅರ್ಥವಾಗುತ್ತಿತ್ತು. ಆಜಿಯ ಪೈಕಿ ಅಂದಳು. ಮುದುಕಿ ತಲೆಯಾಡಿಸಿ ಮುಂದೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಆ ದೊಡ್ಡಪ್ಪನ ಮಗನ ಮನೆಯವರು ನಮ್ಮನ್ನು ನೆಲದ ಮೇಲೆ ಕೂರಿಸಿ ಬೇಯಿಸಿದ ಮೊಟ್ಟೆ ಕೊಟ್ಟರು. ಸಾವಿನ ಮನೆಯವರ ಮೊದಲ ಊಟ ಬೇರೆಯವರ ಅಡಿಗೆಮನೆಯಿಂದಲೇ ಬರಬೇಕು. ಅಣ್ಣ ಮುಂಬಯಿಯಿಂದ ದಾರಿಯುದ್ದಕ್ಕೂ ತನ್ನ ಚೀಲದಲ್ಲಿ ತಂದದ್ದನ್ನೇ ತಿಂದಿದ್ದ, ನೀರನ್ನೂ ಸೀಲು ಒಡೆಯದ ಬಾಟಲಿಯಿಂದ ಕುಡಿದಿದ್ದ. ಈ ಮನೆಯ ಪಾತ್ರೆಗಳ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಮೊಟ್ಟೆ ತೆಗೆದುಕೊಂಡು, ಉಪ್ಪು ಹಚ್ಚಿಕೊಳ್ಳದೆ ತಿಂದ. ನಾನು ನೋಡುತ್ತಿದ್ದುದು ಅವನಿಗೆ ಗೊತ್ತಾಯಿತು.

"ಇವತ್ತು ಕೇಳಬಾರದು," ಅಂದ.

ನಮ್ಮಲ್ಲಿ ಸಾವಿನ ಮನೆಯವರು ಏಳು ದಿನ ನೆಲದ ಮೇಲೆ ಕೂರಬೇಕು, ನಾವು ಅಲ್ಲೇ ಕೂತೆವು. ಗಂಡ, ಮಗಳು ನಡುವೆ ದೋಹಾಕ್ಕೆ ಮರಳಿದರು. ಒಂದು ಮಧ್ಯಾಹ್ನ ಅಣ್ಣ ಕೇಳಿದ, "ಆಯಿ ಅಲ್ಲೆ ಶಬ್ಬತ್ ಹೆಂಗ ಇಡತಿದ್ಲು?"

ಬತ್ತಿ ಹಚ್ಚುತ್ತಿದ್ದಳು, ಆಮೇಲೆ ಅಳಿಯನ ಕೈಲಿ ಟೀವಿ ಹಾಕಿಸಿ ಸೀರಿಯಲ್ಲು ನೋಡುತ್ತಿದ್ದಳು ಅಂದೆ. ಅವನು ನಕ್ಕ. ನಗುತ್ತಾ ನಗುತ್ತಾ ಗೋಡೆಗೆ ತಿರುಗಿದ. ಭುಜ ಅಲುಗುತ್ತಿತ್ತು.

"ನನ್ನ ಮನ್ಯಾಗ ಆಕಿಗೆ ಒಂದು ಸೀರಿಯಲ್ಲು ನೋಡಾಕ ಬಿಡಲಿಲ್ಲ ನಾನು."

"ಚಳಿ ಬಹಳ ಅಂತ ಹೇಳಿದ್ಲು ನಮಗ. ಬ್ಯಾರೆ ಏನೂ ಹೇಳಲಿಲ್ಲ."

ತೊಳೆದ ದಿನದ ವಿಷಯವನ್ನೂ ಹೇಳಿದೆ. ಎದುರು ಮನೆಯ ಅಕ್ಕ ಬಂದಿದ್ದರು, ಬಕೆಟ್ ಹಿಡಿದು ಕೊಟ್ಟರು ಅಂತ. ಅವನು ಗಡ್ಡ ನೀವಿಕೊಂಡ. ಅವನೊಳಗೆ ಪುಸ್ತಕದ ಪುಟಗಳು ಮಗುಚುತ್ತಿರುವುದು ನನಗೆ ಕಾಣುತ್ತಿತ್ತು.

"ಮುಟ್ಟಿದ್ರೇನು?"

"ಇಲ್ಲ."

"ಮುಟ್ಟಿದ್ರೂ ನಾ ಏನೂ ಅಂತಿರಲಿಲ್ಲ," ಅಂದ. ಅದು ನಿಜವೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ.

ದೋಹಾಕ್ಕೆ ಬಂದು ಕೆಲಸಕ್ಕೆ ಸೇರಿಕೊಂಡೆ. ಈಗ ಅಣ್ಣ ಶುಕ್ರವಾರ ಮಧ್ಯಾಹ್ನ, ಅವನ ಶಬ್ಬತ್ ಶುರುವಾಗುವ ಮೊದಲು ಫೋನ್ ಮಾಡುತ್ತಾನೆ. ನನ್ನ ಹತ್ತಿರ ಸ್ವಲ್ಪ, ಮಗಳ ಹತ್ತಿರ ಜಾಸ್ತಿ ಮಾತಾಡುತ್ತಾನೆ. ಅವಳು ಅವನ ಜೊತೆ ವಾದ ಮಾಡುತ್ತಾಳೆ. ತಾಯಿ ಯಹೂದಿ ಆದರೆ ಸಾಕು ಅಂದರೆ, ಅಪ್ಪ ಮಾತ್ರ ಯಹೂದಿ ಆದವರು ಎಲ್ಲ ಪಾಲಿಸಿದರೂ ಯಾಕೆ ಅಲ್ಲ? ಅಮೆರಿಕದಲ್ಲಿ ಕೆಲವರು ಅವರನ್ನೂ ಒಪ್ಪುತ್ತಾರಂತೆ, ಹೆಂಗಸರನ್ನೂ ಹತ್ತರಲ್ಲಿ ಎಣಿಸುತ್ತಾರಂತೆ, ಅವರು ಯಹೂದಿಗಳಲ್ಲವಾ? ಅಣ್ಣ ಉತ್ತರ ಹೇಳುತ್ತಾನೆ, ಅವಳು ಮತ್ತೆ ಕೇಳುತ್ತಾಳೆ. ನಾನು ಒಳಗೆ ಬಟ್ಟೆ ಮಡಚುತ್ತಿರುತ್ತೇನೆ. ಯಾರು ಗೆದ್ದರು ಅಂತ ಕೇಳುವುದಿಲ್ಲ.

ಕೆಲವು ತಿಂಗಳ ಹಿಂದೆ ಕ್ಲಿನಿಕ್ಕಿಗೆ ಒಬ್ಬ ಹೊಸ ರೋಗಿ ಬಂದರು. ಅರವತ್ತು ದಾಟಿದ ಅಮೆರಿಕನ್, ಇಲ್ಲಿ ಯಾವುದೋ ಕಾಲೇಜಿನಲ್ಲಿ ಪಾಠ ಮಾಡುವವರು. ಭುಜ ಹಿಡಿದುಕೊಂಡಿತ್ತು, ಕೈ ಎತ್ತಲಾಗುತ್ತಿರಲಿಲ್ಲ. ಎದೆಯ ಮೇಲಿದ್ದ ನನ್ನ ಹೆಸರಿನ ಪಟ್ಟಿಯನ್ನು ಓದಿ, ಕೇರಳದ ಕ್ರಿಶ್ಚಿಯನ್ನರಾ ಅಂತ ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿದರು.

"ಅಲ್ಲ, ಯಹೂದಿ," ಅಂದೆ. ಆಯಿಯ ಹಾಗೆ ಅದನ್ನು ಅಷ್ಟು ಸಲೀಸಾಗಿ ಹೇಳಿದ್ದು ನನಗೇ ಆಮೇಲೆ ಗಮನಕ್ಕೆ ಬಂತು. ಆಗ ನನ್ನ ಗಮನವೆಲ್ಲ ಅವರ ಹೆಗಲಿನ ಕೀಲಿನ ಮೇಲಿತ್ತು.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ತಾವೂ ಅದೇ ಅಂದರು. ದೇವರನ್ನು ನಂಬುವುದಿಲ್ಲವಂತೆ. ಎಲ್ಲ ತಿನ್ನುತ್ತಾರಂತೆ. ವರ್ಷದ ಆ ಒಂದು ಉಪವಾಸ ಮಾತ್ರ ಬಿಡುವುದಿಲ್ಲವಂತೆ. ಮಾತಾಡುತ್ತಾ ಅವರು ನೋವು ಮರೆತಿದ್ದರು, ನಾನು ಕೈಯನ್ನು ಮೆಲ್ಲಗೆ ಮೇಲಕ್ಕೆ ಒಯ್ಯುತ್ತಿದ್ದೆ.

"ನೀವು ಎಷ್ಟರ ಮಟ್ಟಿಗೆ ಪಾಲಿಸುತ್ತೀರಿ?" ಅಂತ ಕೇಳಿದರು.

"ನನ್ನ ತಾಯಿ ಪಾಲಿಸುತ್ತಿದ್ದರು," ಅಂದೆ.

ಅವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಭುಜ ಎಳೆದು ನೋವಾಗಿ ಕಣ್ಣು ಮುಚ್ಚಿದರು. ಉಸಿರು ಬಿಡಿ ಅಂದೆ. ಬಿಟ್ಟರು. ಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಮೊದಲ ಸಲಕ್ಕೆ ಅಷ್ಟು ಸಾಕು, ಮುಂದಿನ ವಾರ ಬನ್ನಿ ಅಂದೆ. ಶರ್ಟಿನ ತೋಳಿಗೆ ಕೈ ತೂರಿಸಲು ಸಹಾಯ ಮಾಡಿದೆ, ಗುಂಡಿಯನ್ನು ಅವರೇ ಹಾಕಿಕೊಂಡರು.